ಮೂವತ್ತೊಂದು ಮನೆಯ ಜೋಳ

ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ನನ್ನ ವಾರಿಗೆಯ ಹುಡುಗಿಯರು ಹಸೆಯ ಹಾಡು ಕಲಿಯುತ್ತಿದ್ದಾಗ ನಾನು ಬಾಯಿಪಾಠ ಮಾಡಿದ್ದು ಇದನ್ನು. ಈಗ ಮೊಮ್ಮಕ್ಕಳ ಹೆಸರು ಅದಲುಬದಲಾಗುತ್ತವೆ, ಬೆಳಗಿನ ಗುಳಿಗೆ ನುಂಗಿದೆನೋ ಇಲ್ಲವೋ ನೆನಪಿರುವುದಿಲ್ಲ. ಈ ಸಂಖ್ಯೆಯ ಒಂದು ಅಂಕಿಯೂ ಅಲುಗಿಲ್ಲ. ಮರೆತುಹೋಗಿದ್ದರೆ ಒಳ್ಳೆಯದಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ನಮ್ಮ ಮನೆ ಇದ್ದದ್ದು ನಾರಾಯಣಪೇಟೆಯಲ್ಲಿ, ನೇಕಾರರ ಓಣಿಗೆ ಬೆನ್ನು ಮಾಡಿಕೊಂಡು. ಹಗಲೆಲ್ಲ ಮಗ್ಗದ ಸದ್ದು. ಅದು ನಿಂತರೆ ಊರಿನಲ್ಲಿ ಏನೋ ಕೆಟ್ಟದ್ದು ನಡೆದಿದೆ ಎಂದೇ ತಿಳಿಯಬೇಕು. ನಿಜಾಮ ಸರಕಾರದ ಕಾಲ ಅದು. ನನ್ನ ತಂದೆ ಅಲ್ಲಿನ ಶಾಲೆಯಲ್ಲಿ ಕೆಳಗಿನ ತರಗತಿಗಳಿಗೆ ಗಣಿತ ಹೇಳುತ್ತಿದ್ದರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ದೇವರ ಮುಂದೆ ಸಂಸ್ಕೃತ, ಶಾಲೆಯಲ್ಲಿ ಉರ್ದು. ಲೆಕ್ಕ ಮಾತ್ರ ಎಲ್ಲ ಭಾಷೆಯಲ್ಲೂ ಒಂದೇ ಉತ್ತರ ಕೊಡುತ್ತದೆ ಎಂಬುದು ಅವರಿಗೆ ದೊಡ್ಡ ಸಮಾಧಾನ.

ಮೇಲಿನ ತರಗತಿಗಳಿಗೆ ಗಣಿತ ಹೇಳುತ್ತಿದ್ದವರು ಅವರ ಗೆಳೆಯರು, ಹೈದರಾಬಾದಿನ ಕಾಲೇಜಿನಲ್ಲಿ ಓದಿ ಬಂದ ಮುಸಲ್ಮಾನರು. ಅಪ್ಪನಿಗೆ ಅವರು ಸಾಹೇಬರು, ಅವರಿಗೆ ಅಪ್ಪ ಆಚಾರ್ರು, ನನಗೆ ಅವರು ಚಾಚಾ. ಕೆರೆಯ ಕಡೆಯ ಓಣಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಮಕ್ಕಳಿರಲಿಲ್ಲ. ಹೆಂಡತಿ ಪರದೆಯವರು, ನಾನು ಹೋದರೆ ಪರದೆಯ ಸಂದಿಯಿಂದ ಒಂದು ಕೈ ಮಾತ್ರ ಹೊರಗೆ ಬಂದು ಕುದಿಸಿದ ಶೇಂಗಾ ಕೊಡುತ್ತಿತ್ತು. ಚಾಚಾನ ಅಕ್ಕನನ್ನು ಕೊಟ್ಟದ್ದು ಮಕ್ತಲಕ್ಕೆ. ಅಲ್ಲಿ ಬಸ್ಸು ನಿಲ್ಲುವ ಬೇವಿನ ಮರದ ಹಿಂದೆಯೇ ಆಕೆಯ ಮನೆ. ಒಂದು ಸಲ ಅಪ್ಪ ಚಾಚಾನ ಜೊತೆ ಅಲ್ಲಿಗೆ ಹೋಗಿ ಪೇರಲಹಣ್ಣು ಕಟ್ಟಿಸಿಕೊಂಡು ಬಂದಿದ್ದರು.

ಶುಕ್ರವಾರ ಶಾಲೆಗೆ ರಜೆ. ನಮಾಜು ಮುಗಿಸಿ ಚಾಚಾ ನಮ್ಮ ಮನೆಗೆ ಬರುವರು. ನಮ್ಮದು ಮಡಿಯ ಮನೆ, ಅವರು ಒಳಗೆ ಬರುವ ಹಾಗಿರಲಿಲ್ಲ. ಜಗಲಿಯ ಮೇಲೆ ಕೂಡುವರು. ಅವರ ಚಹಾದ ಬಟ್ಟಲು ಹೊರಗಿನ ಗೂಡಿನಲ್ಲಿ ಬೇರೆಯೇ ಇರುತ್ತಿತ್ತು, ಕುಡಿದಾದ ಮೇಲೆ ತಾವೇ ತೊಳೆದು ಇಡುವರು. ಆಗ ಅದರಲ್ಲಿ ತಪ್ಪೇನೂ ನಮಗೆ ಕಾಣುತ್ತಿರಲಿಲ್ಲ. ಈಗ ಕಾಣುತ್ತದೆ, ಆದರೆ ಈಗ ಕಂಡು ಏನು ಪ್ರಯೋಜನ.

ಇಬ್ಬರೂ ಚದುರಂಗ ಆಡುವರು. ಹಿಂದಿನ ಓಣಿಯ ನೇಕಾರನೊಬ್ಬ ಕೊಟ್ಟ ಚೌಕಳಿ ಬಟ್ಟೆಯ ತುಂಡೇ ಅವರ ಹಾಸು. ಒಂದು ಶುಕ್ರವಾರ ಅಪ್ಪ ಸೋತು ಮುಖ ಗಂಟು ಹಾಕಿಕೊಂಡಾಗ, ನನ್ನನ್ನು ನಗಿಸಲೆಂದು ಚಾಚಾ ಹಳೆಯ ಕತೆ ಎತ್ತಿದರು. ಮೊದಲ ಮನೆಗೆ ಒಂದು ಕಾಳು ಜೋಳ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹೀಗೆ ಇಮ್ಮಡಿ ಮಾಡುತ್ತ ಹೋದರೆ ರಾಜನ ಕಣಜ ಬರಿದಾಗುತ್ತದೆ ಎಂಬ ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಚಾಚಾ ಮಾತ್ರ ಅದನ್ನು ಅರ್ಧಕ್ಕೆ ತಡೆದರು.

"ಮೂವತ್ತೊಂದನೇ ಮನಿಗೆ ಕೈ ಬಿಡೂಣು. ಅಷ್ಟೂ ಜ್ವಾಳ ಒಟ್ಟಿದ್ರ ಎಷ್ಟು? ಆ ರಾಶಿನ ಮಂದಿಗೆ ಸಮನಾಗಿ ಹಂಚಾಕ ಬರತೈತೇನು, ಬೇಟಿ?"

ಎಷ್ಟು ಎಂಬುದನ್ನು ಅಪ್ಪ ಲೆಕ್ಕ ಹಾಕಿದರು. ಈ ಬರಹದ ಮೊದಲ ಸಾಲು ಅದೇ. ಹಂಚುವ ಮಾತನ್ನು ನನಗೆ ತಿಳಿಸಲು ಚಾಚಾ ಹುಣಸೆಬೀಜ ತರಿಸಿದರು. ಹನ್ನೆರಡು ಬೀಜವನ್ನು ಮೂರರ ಸಾಲು ಮಾಡು ಎಂದರು, ಆಯಿತು. ನಾಲ್ಕರ ಸಾಲು, ಆರರ ಸಾಲು, ಅವೂ ಆದವು. ಇನ್ನೊಂದು ಬೀಜ ಸೇರಿಸಿ ಈಗ ಮಾಡು ಎಂದರು. ಹೇಗೆ ಜೋಡಿಸಿದರೂ ಕೊನೆಯ ಸಾಲು ಕುಂಟಿತು. ಇದು ಅವಿಭಾಜ್ಯ ಸಂಖ್ಯೆ, ಒಂದರ ಹೊರತು, ತನ್ನ ಹೊರತು ಬೇರೆ ಯಾವುದಕ್ಕೂ ಪಾಲಾಗದು ಎಂದು ಅಪ್ಪ ಹೇಳಿದರು. ಆ ಜೋಳದ ರಾಶಿಯೂ ಅಂಥದ್ದೇ ಅಂತೆ ಎಂದರು ಚಾಚಾ.

"ಅಂತೆ ಅಂದ್ರೇನು? ಯಾರು ಹೇಳಿದ್ರು?" ಎಂದರು ಅಪ್ಪ.

"ಕಿತಾಬಿನಾಗ ಐತ್ರಿ, ಆಚಾರ್ರ. ವಿಲಾಯತಿ ಕಡಿಯ ಒಬ್ಬ ಪಂಡಿತ, ಕಣ್ಣೂ ಸರಿ ಕಾಣ್ತಿದ್ದಿಲ್ಲಂತ, ಅಂವ ಲೆಕ್ಕಾ ಮಾಡಿ ತೋರಿಸ್ಯಾನಂತ."

"ನೀವು ನೋಡೀರೇನು? ಕಿತಾಬು ಹೇಳಿತು ಅಂತ ನಂಬಬೇಕೇನು? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರ ನಮ್ಮ ಹಿರ್ಯಾರು."

ಇದು ಅಪ್ಪನ ಬಾಯಲ್ಲಿ ಸದಾ ಇದ್ದ ಮಾತು. ಹಾಲಿನವಳು ನೀರು ಬೆರೆಸಿಲ್ಲ ಎಂದರೂ, ಪಂಚಾಂಗದಲ್ಲಿ ಏಕಾದಶಿ ಇಂಥ ದಿನ ಎಂದಿದ್ದರೂ ಅವರು ಇದನ್ನೇ ಹೇಳುವರು. ತಾನೇ ಗುಣಿಸಿ, ತಾನೇ ಭಾಗಿಸಿ ನೋಡದೆ ಯಾವುದನ್ನೂ ಒಪ್ಪದ ಮನುಷ್ಯ. ಅಮ್ಮ ಸಾರಿಗೆ ಉಪ್ಪು ಹಾಕಿದ್ದೇನೆ ಎಂದರೂ ಅವರು ಚಮಚದಲ್ಲಿ ನೆಕ್ಕಿ ನೋಡಬೇಕು. ಚಾಚಾ ನಕ್ಕು, ಆಗಲಿ, ನಾವೇ ನೋಡೋಣ ಎಂದರು. ಹಾಗೆ ಶುರುವಾಯಿತು.

ಅಷ್ಟು ದೊಡ್ಡ ಸಂಖ್ಯೆ ಪಾಲಾಗುವುದಿಲ್ಲ ಎಂದು ಹೇಳುವುದು ಸುಲಭದ ಕೆಲಸವಲ್ಲ. ಪಾಲಾಗುತ್ತದೆ ಎನ್ನಲು ಒಂದೇ ಒಂದು ಭಾಜಕ ಸಿಕ್ಕರೆ ಸಾಕು. ಪಾಲಾಗದು ಎನ್ನಲು ಒಂದನ್ನೂ ಬಿಡದೆ ಕೊನೆಯ ತನಕ ಹುಡುಕಬೇಕು. ಕೊನೆ ಎಂದರೆ ನಲವತ್ತಾರು ಸಾವಿರದ ಮುನ್ನೂರ ಚಿಲ್ಲರೆ. ಅದಕ್ಕಿಂತ ದೊಡ್ಡ ಭಾಜಕವಿದ್ದರೆ ಅದರ ಜೊತೆಯದು ಅದಕ್ಕಿಂತ ಸಣ್ಣದಿರಲೇಬೇಕು, ಆದ್ದರಿಂದ ಅಲ್ಲಿಗೆ ನಿಲ್ಲಿಸಬಹುದು. ಅಷ್ಟರೊಳಗೂ ಸಾವಿರಗಟ್ಟಲೆ ಅವಿಭಾಜ್ಯಗಳಿವೆ. ಆದರೆ ಚಾಚಾ ಕಾಲೇಜಿನಿಂದ ಒಂದು ಕೀಲಿ ತಂದಿದ್ದರು. ಮೂವತ್ತೊಂದು ಮನೆಯ ರಾಶಿಗೆ ಅವಿಭಾಜ್ಯ ಭಾಜಕವೊಂದು ಇದ್ದರೆ, ಅದನ್ನು ಅರವತ್ತೆರಡರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕು, ಎಂಟರಿಂದ ಭಾಗಿಸಿದರೆ ಒಂದೋ ಏಳೋ ಉಳಿಯಬೇಕು. ಈ ಜರಡಿಯಲ್ಲಿ ಹಿಡಿದರೆ ಎರಡೇ ಸಾಲು ಉಳಿಯುತ್ತವೆ. ಒಂದರಿಂದ ಹೊರಟು ಇನ್ನೂರ ನಲವತ್ತೆಂಟು ಕೂಡಿಸುತ್ತ ಹೋಗುವುದು ಒಂದು ಸಾಲು, ಅರವತ್ತಮೂರರಿಂದ ಹೊರಟು ಅಷ್ಟನ್ನೇ ಕೂಡಿಸುತ್ತ ಹೋಗುವುದು ಇನ್ನೊಂದು. ಎರಡರಲ್ಲೂ ಮತ್ತೆ ಪಾಲಾಗುವ ಸಂಖ್ಯೆಗಳನ್ನು ಹೊಡೆದು ಹಾಕಬೇಕು.

"ಭಾಜಕ ಆಗಿದ್ರ ಒಂದು ಉಳೀತೈತಿ. ಒಂದು ಉಳೀತು ಅಂದ್ರ ಭಾಜಕ ಅಂತಲ್ಲ. ಇದನ್ನ ಉಲ್ಟಾ ತಿಳ್ಕೊಂಡವ್ರು ಗಣಿತದಾಗ ಸತ್ರು," ಎಂದು ಚಾಚಾ ನನಗೆ ಹೇಳಿದರು. ಅಪ್ಪ ಅದನ್ನು ನನ್ನಿಂದ ಗಿಣಿಪಾಠ ಮಾಡಿಸಿದರು.

ಅರವತ್ತಮೂರರ ಸಾಲು ಅಪ್ಪನಿಗೆ, ಒಂದರ ಸಾಲು ಚಾಚಾನಿಗೆ. ಅಪ್ಪನ ಮೊದಲ ಭಾಜಕ ಮುನ್ನೂರ ಹನ್ನೊಂದು, ಶೇಷ ಮೂವತ್ತೈದು. ಚಾಚಾನ ಸಾಲಿನಲ್ಲಿ ಮೊದಲಿನವೆಲ್ಲ ಹೊಡೆದು ಹೋಗಿ ಸಾವಿರದ ನಾನ್ನೂರ ಎಂಬತ್ತೊಂಬತ್ತಕ್ಕೆ ಬಂದು ನಿಂತಿತು. ಮೊದಲ ಹೆಜ್ಜೆಗೇ ನನಗೆ ಗುಡ್ಡ, ನಿಮಗೆ ದಿಬ್ಬ ಎಂದು ಅವರು ಅಪ್ಪನನ್ನು ಕಾಡಿಸಿದರು.

ಭಾಗಿಸುವ ಮೊದಲು ಭಾಜಕದ ಒಂಬತ್ತು ಗುಣಿತಗಳನ್ನು ಪಕ್ಕದಲ್ಲಿ ಬರೆದುಕೊಳ್ಳುವುದು ಇಬ್ಬರದೂ ರೂಢಿ. ಜಗತ್ತೆಲ್ಲ ಒಂದರಿಂದ ಒಂಬತ್ತಕ್ಕೆ ಮೇಲಿನಿಂದ ಕೆಳಗೆ ಬರೆಯುತ್ತದೆ. ಚಾಚಾ ಮಾತ್ರ ಒಂಬತ್ತರದನ್ನು ನೆತ್ತಿಯ ಮೇಲೆ ಬರೆದು ಒಂದಕ್ಕೆ ಇಳಿಯುವರು. ದೊಡ್ಡದರಿಂದ ಕಳೆಯುತ್ತ ಬಂದು ತಾಳೆ ನೋಡಿದರೆ ತಪ್ಪು ಬೇಗ ಸಿಗುತ್ತದೆ ಎಂದು ಅವರ ವಾದ. "ತೊಟ್ಟಲಾ ಕಟ್ಟೂಕಿಂತ ಮೊದಲ ಚಟ್ಟಾ ಕಟ್ಟತಾರ ನಮ್ಮ ಸಾಹೇಬ್ರು," ಎಂದು ಅಪ್ಪ ಗೇಲಿ ಮಾಡುವರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವರು.

ಪ್ರತಿ ಶುಕ್ರವಾರ ಇಬ್ಬರೂ ತಮ್ಮ ತಮ್ಮ ವಾರದ ಶೇಷಗಳನ್ನು ಬಾಯಲ್ಲಿ ಒಪ್ಪಿಸಬೇಕು. ಆಮೇಲೆ ಒಬ್ಬರು ಇನ್ನೊಬ್ಬರ ಸಾಲಿನಿಂದ ಒಂದನ್ನು, ತಮಗೆ ಬೇಕಾದದ್ದನ್ನು ಆರಿಸಿಕೊಂಡು ಅಲ್ಲೇ ಸ್ಲೇಟಿನ ಮೇಲೆ ಭಾಗಿಸಿ ತಾಳೆ ನೋಡುವುದು. ಒಂದು ತಾಳೆಯಾದರೆ ಉಳಿದವನ್ನು ನಂಬಬೇಕು. ತಾಳೆ ನೋಡಿಸಿಕೊಳ್ಳಲು ಇಬ್ಬರಿಗೂ ಬೇಸರವಿರಲಿಲ್ಲ. ಸ್ನೇಹ ಸ್ನೇಹದ ಕಡೆ, ಲೆಕ್ಕ ಲೆಕ್ಕದ ಕಡೆ.

ಹೀಗೆ ಸಾಲುಗಳು ಬೆಳೆಯುತ್ತಿದ್ದಾಗಲೇ ಊರು ಕೆಡತೊಡಗಿತು. ನಿಜಾಮನ ಪರವಾಗಿ ಖಾಕಿ ತೊಟ್ಟು ಭರ್ಜಿ ಹಿಡಿದ ಪಡೆಯೊಂದು ಊರೂರು ಸುತ್ತುತ್ತಿತ್ತು. ಅವರ ಹೆಸರನ್ನು ನಮ್ಮ ಮನೆಯಲ್ಲಿ ಗಟ್ಟಿಯಾಗಿ ಆಡುತ್ತಿರಲಿಲ್ಲ. ಯಾವ ಹಳ್ಳಿ ಸುಟ್ಟರು, ಯಾರ ಮನೆ ದೋಚಿದರು ಎಂಬ ಸುದ್ದಿ ಹಾಲಿನವಳ ಜೊತೆ ಬರುತ್ತಿತ್ತು. ಅಮ್ಮ ಬಂಗಾರವನ್ನು ಅಕ್ಕಿಯ ಡಬ್ಬಿಯಿಂದ ಬೂದಿಯ ಗುಂಡಿಗೆ, ಬೂದಿಯ ಗುಂಡಿಯಿಂದ ತುಳಸಿಕಟ್ಟೆಗೆ ಸಾಗಿಸುತ್ತಲೇ ಇದ್ದಳು. ಅವರು ನಮ್ಮ ಓಣಿಗೆ ಬಂದದ್ದು ಒಂದು ಶುಕ್ರವಾರ ಮಧ್ಯಾಹ್ನ. ನಮ್ಮನ್ನು ಒಳಗೆ ಕಳಿಸಿ ಅಪ್ಪ ಬಾಗಿಲು ಹಾಕಲು ಎದ್ದರು. ಚಾಚಾ ಏಳಲಿಲ್ಲ. ಜಗಲಿಯ ತುದಿಗೆ, ಬೀದಿಗೆ ಎದ್ದು ಕಾಣುವ ಹಾಗೆ ಹಾಸನ್ನು ಸರಿಸಿ, "ಕೂಡ್ರಿ ಆಚಾರ್ರ, ನಿಮ್ಮ ನಡಿ," ಎಂದರು. ಅಪ್ಪನ ಕೈಯಿಂದ ಆನೆ ಎರಡು ಸಲ ಬಿತ್ತು. ಖಾಕಿಯವರು ನಿಂತು ನೋಡಿದರು, ಚಾಚಾನ ಜೊತೆ ಉರ್ದುವಿನಲ್ಲಿ ಏನೋ ಮಾತಾಡಿದರು, ಮುಂದೆ ಹೋದರು. ನಮ್ಮ ಓಣಿಯಲ್ಲಿ ಅವತ್ತು ಮೂರು ಮನೆಗಳ ಬಾಗಿಲು ಮುರಿಯಿತು. ನಮ್ಮದು ಉಳಿಯಿತು. ಅಂದಿನಿಂದ ಚಾಚಾ ಶುಕ್ರವಾರವಷ್ಟೇ ಅಲ್ಲ, ಶಾಲೆ ಬಿಟ್ಟ ಮೇಲೆ ದಿನವೂ ಬಂದು ಜಗಲಿಯ ಮೇಲೆ ಕೂಡತೊಡಗಿದರು.

ಭಾದ್ರಪದದಲ್ಲಿ ಪೊಲೀಸ್ ಆ್ಯಕ್ಷನ್ ಆಯಿತು. ಸೈನ್ಯ ಬಂತು, ನಿಜಾಮ ಸರಕಾರ ಬಿತ್ತು, ಖಾಕಿಯವರು ಕಾಣದಾದರು. ನಮಗೆ ಉಸಿರು ಬಂದಂತಾಯಿತು ಎಂದು ಬರೆದರೆ ಸುಳ್ಳಲ್ಲ. ಆದರೆ ಸೈನ್ಯ ಮುಂದಿನ ಊರಿಗೆ ಹೋದ ಮೇಲೆ ನಮ್ಮ ಊರಿನ ಕೆಲವರೇ ಕೋಲು ಕೊಡಲಿ ಹಿಡಿದು ಮುಸಲ್ಮಾನರ ಮನೆಗಳ ಕಡೆ ಹೊರಟರು. ಹಳ್ಳಿ ಸುಟ್ಟವರು, ಮನೆ ದೋಚಿದವರು ಆಗಲೇ ಓಡಿಹೋಗಿದ್ದರು. ಸಿಕ್ಕವರು ಓಡದವರು, ಓಡಬೇಕಾದ ಕಾರಣವೇ ಇಲ್ಲದವರು. ಮಗ್ಗಗಳ ಸದ್ದು ನಿಂತಿತು. ಅಪ್ಪ ಅಗುಳಿ ಹಾಕಿ ನಮ್ಮನ್ನೆಲ್ಲ ಒಳಗೆ ಕೂಡಿಸಿದರು. ಕೆರೆಯ ಕಡೆಯಿಂದ ಹೊಗೆ ಎದ್ದದ್ದು ಹಿತ್ತಲಿನಿಂದ ಕಂಡಿತು. ಮರುದಿನ ನಮ್ಮ ಅಂಗಳಕ್ಕೆ ಅರ್ಧ ಸುಟ್ಟ ಹಾಳೆಗಳು ಗಾಳಿಗೆ ಹಾರಿ ಬಂದವು. ಅವುಗಳಲ್ಲೊಂದರ ಮೇಲೆ ತ್ರಿಕೋನ ಇತ್ತು. ಅಮ್ಮ ಅದನ್ನು ಒಲೆಗೆ ಹಾಕಿದಳು.

ಅಪ್ಪ ಹೊರಗೆ ಬಿದ್ದು ಹೋಗಿ ನೋಡುವ ಹೊತ್ತಿಗೆ ಚಾಚಾನ ಮನೆಗೆ ಬಾಗಿಲೂ ಇರಲಿಲ್ಲ, ಒಳಗೆ ಯಾರೂ ಇರಲಿಲ್ಲ. ತಿರುಗಿ ಬಂದು ಜಗಲಿಯ ಮೇಲೆ ಕೂತರು. ಆಗ ಬಂದವರು ನಮ್ಮ ಓಣಿಯ ಹಿರಿಯರೊಬ್ಬರು. ಕೋರ್ಟು ಕಚೇರಿ ತಿರುಗಿದವರು, ನಾಲ್ಕು ಜನ ಕೇಳುವಂಥ ಮಾತುಗಾರರು.

"ಹುಡುಕಬ್ಯಾಡ್ರಿ ಆಚಾರ್ರ. ಅಂವ ಕೃಷ್ಣಾ ದಾಟಿ ಗದ್ವಾಲಕ್ಕ ಹೋಗಿ ಗಾಡಿ ಹತ್ಯಾನ. ಟ್ರಂಕು ಹೊತ್ತು ನಿಂತದ್ದು ನೋಡಿದವ್ರ ಅದಾರ. ಅಲ್ಲಿಂದ ಬೊಂಬಾಯಿ, ಬೊಂಬಾಯಿಂದ ಹಡಗ. ಇಷ್ಟೊತ್ತಿಗೆ ಕರಾಚಿ ಮುಟ್ಟಿರತಾನ."

"ಅವರು ಯಾಕ ಓಡಿ ಹೋಗ್ತಾರ?" ಎಂದರು ಅಪ್ಪ.

"ಮತ್ತ? ಅಂವ ಖಾಕಿ ಮಂದಿಯವ ಅಲ್ಲದಿದ್ರ, ಓಣಿಗೆ ಓಣಿ ದೋಚಿದವ್ರು ನಿಮ್ಮ ಮನಿ ಒಂದ ಯಾಕ ಬಿಟ್ರು? ನೀವ ಹೇಳ್ರಿ. ಬೆಂಕಿ ಇಲ್ಲದ ಹೊಗಿ ಏಳತೈತೇನು?"

ಚಾಚಾ ಹೇಳಿಕೊಟ್ಟ ಪಾಠವನ್ನು ಇಷ್ಟು ಚೊಕ್ಕವಾಗಿ ಉಲ್ಟಾ ಮಾಡಿದ್ದನ್ನು ಮುಂದೆ ನಾನು ಎಲ್ಲೂ ನೋಡಿಲ್ಲ. ಖಾಕಿಯವರ ಕಡೆಯವನಾದರೆ ಮನೆ ಉಳಿಯಬಹುದು, ಸರಿ. ಮನೆ ಉಳಿಯಿತು ಎಂದರೆ ಅವರ ಕಡೆಯವನು ಎಂದಾಯಿತೇ? ಆಮೇಲೆ ನಾನು ಪಾಠ ಹೇಳಿದ ತರಗತಿಯ ಹುಡುಗಿ ಹೀಗೆ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಚಾಚಾ ನಮ್ಮ ಜಗಲಿಯ ಮೇಲೆ ಜೀವ ಒತ್ತೆಯಿಟ್ಟು ಕೂತದ್ದೇ ಅವರ ಮೇಲಿನ ಸಾಕ್ಷಿಯಾಯಿತು. ಅಪ್ಪ, ಉಪ್ಪನ್ನು ನೆಕ್ಕಿ ನೋಡುತ್ತಿದ್ದ ಅಪ್ಪ, ಆ ಮಾತನ್ನು ಹಾಗೇ ನುಂಗಿದರು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ದಿನ ಕಳೆದಂತೆ ಕತೆಗೆ ಕೈಕಾಲು ಬಂದವು. ಕರಾಚಿಯಲ್ಲಿ ದೊಡ್ಡ ಶಾಲೆಯ ಮುಖ್ಯಸ್ಥರಂತೆ. ಬಂಗಲೆಯಂತೆ. ಕೇಳುತ್ತ ಕೇಳುತ್ತ ಅಪ್ಪನಿಗೆ ದುಃಖ ಹೋಗಿ ಸಿಟ್ಟು ಬಂತು. ಹೇಳದೆ ಹೋದ, ಸಾಲನ್ನು ಅರ್ಧಕ್ಕೆ ಬಿಟ್ಟು ಹೋದ ಎಂದು ಒಬ್ಬರೇ ಗೊಣಗುವರು. ಸಿಟ್ಟಿಗೆ ಒಂದು ಅನುಕೂಲವಿದೆ, ಅದು ಬಂದರೆ ಹೋಗಿ ನೋಡಿ ಬರುವ ಕೆಲಸ ತಪ್ಪುತ್ತದೆ. ಹೆದರಿಕೆಯೂ ಇತ್ತು, ಇಲ್ಲವೆನ್ನಲಾರೆ. ಆ ದಿನಗಳಲ್ಲಿ ಸಾಹೇಬರೊಬ್ಬರ ಬಗ್ಗೆ ವಿಚಾರಿಸಿದವನನ್ನೂ ಊರು ಕೆಕ್ಕರಿಸಿ ನೋಡುತ್ತಿತ್ತು. ಅಮ್ಮ ಗೂಡಿನಲ್ಲಿದ್ದ ಬಟ್ಟಲನ್ನು ತಿಪ್ಪೆಗೆ ಎಸೆದಳು.

ತಮ್ಮ ಸಾಲನ್ನು ಮಾತ್ರ ಅಪ್ಪ ಮುಗಿಸಿದರು. ಅರವತ್ತಮೂರರ ಸಾಲಿನ ಯಾವುದೂ ಆ ರಾಶಿಯನ್ನು ಭಾಗಿಸಲಿಲ್ಲ. ಆಮೇಲೆ ಸ್ಲೇಟನ್ನು ಅಟ್ಟಕ್ಕೆ ಎಸೆದರು. ಆ ಇನ್ನೊಂದು ಸಾಲನ್ನೂ ನೀವೇ ಮಾಡಬಹುದಲ್ಲ ಎಂದು ನಾನು ಕೇಳಿದ್ದಕ್ಕೆ, "ಅದು ಅವನ ಸಾಲು," ಎಂದು ಗದರಿದರು. ಅರ್ಧ ಮುಗಿದ ಪರೀಕ್ಷೆಗೆ ಅರ್ಧ ಬೆಲೆಯೂ ಇಲ್ಲ. ಉಳಿದ ಸಾಲಿನಲ್ಲಿ ಒಂದೇ ಒಂದು ಭಾಜಕ ಇದ್ದಿದ್ದರೂ ಇವರ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆ.

ಆ ಚಳಿಗಾಲದ ಆರಂಭದಲ್ಲೇ ಗದ್ವಾಲದ ಬಂಧುಗಳ ಮನೆಯಲ್ಲಿ ಮುಂಜಿವೆಯೊಂದಿತ್ತು. ಅಪ್ಪ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದರು. ಬಸ್ಸು ಮಕ್ತಲದಲ್ಲಿ ಬೇವಿನ ಮರದ ಕೆಳಗೆ ನಿಂತಿತು. ಡ್ರೈವರ್ ಚಹಾ ಕುಡಿಯಲು ಹೋದ. ಜನರೆಲ್ಲ ಇಳಿದು ಕೈಕಾಲು ಆಡಿಸಿದರು. ನಾನು ಇಳಿಯುತ್ತೇನೆ ಎಂದರೆ ಅಪ್ಪ ಬೇಡ ಎಂದರು. ಕಿಟಕಿಯ ಕಡೆಗೆ ಬೆನ್ನು ತಿರುಗಿಸಿ, ಕಣ್ಣು ಮುಚ್ಚಿಕೊಂಡು ಏನೋ ಸ್ತೋತ್ರ ಹೇಳುತ್ತಿದ್ದರು. ಆ ಮರದ ಹಿಂದಿನ ಮನೆ ಯಾರದೆಂದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಬಸ್ಸು ಹೊರಟಿತು.

ವರ್ಷಗಳು ಕಳೆದವು. ಹೈದರಾಬಾದು ಸಂಸ್ಥಾನ ಹೋಯಿತು, ನಾವು ಆಂಧ್ರ ಪ್ರದೇಶದವರಾದೆವು, ಶುಕ್ರವಾರದ ರಜೆ ಭಾನುವಾರಕ್ಕೆ ಬಂತು. ನಾನು ಓದಿ ಗಣಿತದ ಮೇಡಂ ಆದೆ. ಮಕ್ತಲದ ಹೆಣ್ಣುಮಕ್ಕಳ ಶಾಲೆಗೆ ಹಾಕಿದರು. ನಾರಾಯಣಪೇಟೆಯಿಂದ ಬೆಳಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಬರುತ್ತಿದ್ದೆ. ಅಪ್ಪ ಆಗಲೇ ನಿವೃತ್ತರು. ಚದುರಂಗದ ಹಾಸಿನಲ್ಲಿ ಪುಸ್ತಕ ಸುತ್ತಿ ಇಟ್ಟಿದ್ದರು. ಬೇರೆ ಯಾರ ಜೊತೆಗೂ ಆಡಲಿಲ್ಲ.

ಒಂದು ದಿನ ತರಗತಿಯಲ್ಲಿ ದೊಡ್ಡ ಭಾಗಾಕಾರ ಕೊ‌ಟ್ಟು ಬೆಂಚುಗಳ ನಡುವೆ ತಿರುಗುತ್ತಿದ್ದೆ. ಒಬ್ಬ ಹುಡುಗಿ ಪಕ್ಕದಲ್ಲಿ ಗುಣಿತಗಳನ್ನು ಬರೆದಿದ್ದಳು. ಒಂಬತ್ತರದು ಮೇಲೆ, ಎಂಟರದು ಅದರ ಕೆಳಗೆ, ಕೊನೆಗೆ ಒಂದು. ನಾನು ಅಲ್ಲೇ ನಿಂತೆ.

"ಹಿಂಗ ಬರಿಯಾಕ ಯಾರು ಕಲಿಸಿದ್ರು?"

"ನಮ್ಮ ಓಣಿ ಖಾಲಾ, ಮೇಡಂ. ಎಲ್ಲಾ ಹುಡುಗ್ಯಾರಿಗೂ ಹಿಂಗ ಕಲಿಸ್ತಾರ. ಬೇವಿನ ಮರದ ಹಿಂದ ಅವರ ಮನಿ."

ಶಾಲೆ ಬಿಟ್ಟ ಮೇಲೆ ಹೋದೆ. ಸಣ್ಣ ಅಂಗಳ, ಒಂದು ಪೇರಲಗಿಡ, ಹೊಲಿಯಲು ಹರವಿದ ಕೌದಿ. ನಲವತ್ತರ ಆಸುಪಾಸಿನ ಹೆಂಗಸು, ಸೂಜಿ ಹಿಡಿದು ಕೂತಿದ್ದರು. ನಾನು ನಾರಾಯಣಪೇಟೆಯ ಇಂಥವರ ಮಗಳು ಎಂದೆ. ಸೂಜಿಯನ್ನು ಕೌದಿಗೆ ಚುಚ್ಚಿ ನನ್ನ ಮುಖ ನೋಡಿದರು. ಅಷ್ಟು ವರ್ಷ ಕೈಯಷ್ಟೇ ಕಂಡಿದ್ದ ಚಾಚಿಯನ್ನು ನಾನು ಪೂರ್ತಿ ನೋಡಿದ್ದು ಅವತ್ತು.

"ಬಾ ಬೇಟಿ, ಕೂಡು. ಆಚಾರ್ರು ಅದಾರ?"

"ಅದಾರ್ರಿ. ಚಾಚಾ ಕರಾಚಿಯಾಗ..." ಎಂದು ಶುರು ಮಾಡಿ, ಅವರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದೆ.

ಅವರು ಹೇಳಿದ್ದು ಇಷ್ಟು. ಅವತ್ತು ಕೆರೆಯ ಏರಿಯ ಮೇಲೆ ಚಾಚಾನನ್ನು ಹಿಡಿದು ಹೊಡೆದರು. ಸತ್ತ ಎಂದು ಬಿಟ್ಟು ಹೋದ ಮೇಲೆ ನೇಕಾರರಿಬ್ಬರು ಎತ್ತಿ, ಬಂಡಿಯಲ್ಲಿ ನೂಲಿನ ಪಿಂಡಿಗಳ ಕೆಳಗೆ ಮಲಗಿಸಿ, ಗಂಡ ಹೆಂಡತಿಯನ್ನು ಮಕ್ತಲದ ಅಕ್ಕನ ಮನೆಗೆ ಮುಟ್ಟಿಸಿದರು. ಪಕ್ಕೆಲುಬು ಮುರಿದಿದ್ದವು. ಕೆಮ್ಮಿದರೆ ರಕ್ತ. ಎದ್ದು ಕೂಡಲು ಬರುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಮಲಗಿಸಿ, ಹೊರಗೆ ಯಾರಿಗೂ ಗೊತ್ತಾಗದಂತೆ ನೋಡಿಕೊಂಡರು. ಗದ್ವಾಲದ ಗಾಡಿ, ಟ್ರಂಕು, ಹಡಗು, ಎಲ್ಲ ಊರು ಕಟ್ಟಿದ್ದು.

"ಮಲಕೊಂಡ ಲೆಕ್ಕಾ ಹೇಳತಿದ್ರು. ನಾ ಗ್ವಾಡಿ ಮ್ಯಾಲ ಇದ್ದಲಿಲೆ ಬರೀತಿದ್ದೆ. ನಂಗ ಕಳಿಯೂದು ಸೈತ ಸರಿ ಬರ್ತಿದ್ದಿಲ್ಲ. ಅವ್ರ ಕಲಿಸಿದ್ರು. ಉಸರು ಸಾಲದಾಗ ಬೆರಳಿಲೆ ತೋರಸ್ತಿದ್ರು. ನನ್ನ ಸಾಲು ಮುಗೀಬೇಕು, ಆಚಾರ್ರು ಕೇಳತಾರ, ಅಂತಿದ್ರು."

"ಒಂದು ಮಾತು ಹೇಳಿ ಕಳಿಸಿದ್ರ ಅಪ್ಪ ಬರ್ತಿದ್ರು," ಎಂದೆ. ಹೇಳುವಾಗಲೇ ನನಗೆ ಬಸ್ಸಿನ ಕಿಟಕಿ ನೆನಪಾಯಿತು.

"ಯಾರ ಕೈಲಿ ಕಳಸೂದು? ಯಾರು ಎಂಥವ್ರು ಅಂತ ತಿಳೀತಿದ್ದಿಲ್ಲ ಆವಾಗ. ನಾ ಭಾಳ ಹೇಳಿದೆ, ಯಾರನ್ನರ ಕಳಸೂಣು ಅಂತ. ಅವ್ರು ನಕ್ಕೋ, ಬ್ಯಾಡ ಅಂದ್ರು. ಊರು ಏನರ ಅನ್ಲಿ, ಆಚಾರ್ರು ಯಾರ ಮಾತೂ ನಂಬಂಗಿಲ್ಲ, ತಾಳಿ ನೋಡಾಕ ತಾವ ಬರತಾರ, ಅಕ್ಕನ ಮನಿ ಅವ್ರಿಗೆ ಗೊತ್ತೈತಿ, ಅಂದ್ರು. ಶುಕ್ರವಾರ ಜುಮ್ಮಾ ಬಂದ್ರ ಬಾಗಲಾ ಚಿಲಕ ಹಾಕಗೊಡತಿದ್ದಿಲ್ಲ."

ಸಂಕ್ರಾಂತಿಯ ಹೊತ್ತಿಗೆ, ಜೋಳ ಹಾಲುತೆನೆಗೆ ಬಂದಾಗ ಚಾಚಾ ತೀರಿಕೊಂಡರಂತೆ. ಸಾಲು ಮುಗಿದಿತ್ತಂತೆ. ಅಂದರೆ ನಮ್ಮ ಬಸ್ಸು ಆ ಮರದ ಕೆಳಗೆ ನಿಂತಾಗ ಅವರು ಆ ಗೋಡೆಯ ಆಚೆ ಜೀವಂತ ಇದ್ದರು. ಹಿಂದಿನ ಕೋಣೆಯನ್ನು ನೋಡಲೇ ಎಂದು ಕೇಳಿದೆ. ಗೋಡೆಗೆ ಸುಣ್ಣ ಬಳಿದಿತ್ತು. ವರ್ಷಕ್ಕೊಮ್ಮೆ ಹಬ್ಬಕ್ಕೆ ಬಳಿಯುತ್ತೇವೆ, ಅದೆಲ್ಲ ಎಲ್ಲಿ ಉಳಿದೀತು ಎಂದರು ಚಾಚಿ. ಹೊರಡುವಾಗ ಪೇರಲಹಣ್ಣು ಕಟ್ಟಿಕೊಟ್ಟರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಆಚಾರ್ರಿಗೆ ಹೇಳು ಬೇಟಿ, ಅವ್ರ ಸಾಲಿನಾಗೂ ಯಾವುದೂ ಭಾಗಿಸಲಿಲ್ಲಂತ."

ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲಿದ್ದರು. ಕಣ್ಣಿಗೆ ಪೊರೆ ಬಂದು ಮುಖಗಳು ಮಸುಕಾಗಿದ್ದವು. ಹಣ್ಣಿನ ಗಂಟನ್ನು ಪಕ್ಕಕ್ಕಿಟ್ಟು, ಸುತ್ತಿ ಬಳಸದೆ ಹೇಳಿದೆ.

"ಅಪ್ಪಾ, ಒಂದರ ಸಾಲಿನಾಗೂ ಯಾವುದೂ ಭಾಗಿಸಂಗಿಲ್ಲಂತ."

ಯಾವ ಸಾಲು ಎಂದು ಅವರು ಕೇಳಲಿಲ್ಲ. "ಯಾರು ಹೇಳಿದ್ರು?" ಎಂದರು. ಹಳೆಯ ಚಾಳಿ.

ಎಲ್ಲ ಹೇಳಿದೆ. ಕೆರೆಯ ಏರಿ, ನೂಲಿನ ಪಿಂಡಿ, ಬೇವಿನ ಮರ, ಗೋಡೆಯ ಇದ್ದಲು. ಅಮ್ಮ ಬಾಗಿಲಲ್ಲಿ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಚಿಲಕದ ಮಾತನ್ನು ಬಿಟ್ಟುಬಿಡೋಣ ಎಂದಿದ್ದೆ. ಅಪ್ಪನೇ ಕೇಳಿದರು.

"ನನ್ನ ಬಗ್ಗೆ ಏನರೆ ಅಂದಿದ್ರೇನು?"

"ಆಚಾರ್ರು ಯಾರ ಮಾತೂ ನಂಬಂಗಿಲ್ಲ, ತಾಳಿ ನೋಡಾಕ ತಾವ ಬರತಾರ ಅಂದಿದ್ರಂತ."

ಅಪ್ಪ ಅಳಲಿಲ್ಲ. ಅಟ್ಟದ ಸ್ಲೇಟು ತರಲು ಹೇಳಿದರು. ದೂಳು ಒರೆಸಿ ಕೊಟ್ಟೆ. ಸ್ಲೇಟನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ಅವರು ಚಾಚಾನ ಮೊದಲ ಭಾಜಕವನ್ನು ಬರೆದರು, ಸಾವಿರದ ನಾನ್ನೂರ ಎಂಬತ್ತೊಂಬತ್ತು. ಪಕ್ಕದಲ್ಲಿ ಗುಣಿತಗಳನ್ನು ಬರೆದರು. ಒಂಬತ್ತರದನ್ನು ಮೇಲೆ ಬರೆದು ಒಂದಕ್ಕೆ ಇಳಿದರು. ಆಮೇಲೆ ರಾಶಿಯನ್ನು ಭಾಗಿಸಿದರು. ಅಂಕಿಗಳು ಒಂದರ ಮೇಲೊಂದು ಹತ್ತಿಕೊಳ್ಳುತ್ತಿದ್ದವು, ಆದರೂ ಎಲ್ಲೂ ತಪ್ಪಲಿಲ್ಲ. ಶೇಷ ನೂರಾ ತೊಂಬತ್ತೊಂಬತ್ತು. ಆ ಮೊದಲ ವಾರ ಚಾಚಾ ಒಪ್ಪಿಸಿದ್ದೂ ಅಷ್ಟೇ. ನಾನು ಸ್ಲೇಟು ತರಲು ಹೋದಾಗ ಅಮ್ಮ ಒಲೆಯ ಮೇಲಿಟ್ಟ ಹಾಲು ಇನ್ನೂ ಉಕ್ಕಿರಲಿಲ್ಲ.

ಅಪ್ಪ ಸ್ಲೇಟನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಇಷ್ಟ ಹೊತ್ತಿನ ಕೆಲಸ ಇತ್ತು ನೋಡು, ಒಂದು ತಾಳಿ ನೋಡಾಕ," ಎಂದರು.